ಸೊನ್ನೆ ಪಾಯಿಂಟ್ ಆರು ಎಂಟು ಐದು

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು, ಅಂದ್ರೆ ಯುಎನ್‌ಡಿಪಿಯವರು, 2025ರ ಮೇ ತಿಂಗಳಲ್ಲಿ ಆ ವರ್ಷದ ಮಾನವ ಅಭಿವೃದ್ಧಿ ವರದಿ ಹೊರತಂದರು. ನೂರಾರು ಪುಟಗಳ ವರದಿ. ಅದರ ಮುಖ್ಯ ವಿಷಯ ಕೃತಕ ಬುದ್ಧಿಮತ್ತೆ. ನನಗೆ ಗೊತ್ತಿರುವ ಯಾರೂ ಆ ಭಾಗ ಓದಿಲ್ಲ. ಎಲ್ಲರೂ ಓದಿದ್ದು ಹಿಂದಿನ ಪುಟಗಳಲ್ಲಿರುವ ಒಂದು ಪಟ್ಟಿಯನ್ನ, ಅದರಲ್ಲೂ ಒಂದೇ ಸಾಲನ್ನ: 193 ದೇಶಗಳಲ್ಲಿ ಭಾರತಕ್ಕೆ 130ನೇ ಸ್ಥಾನ, ಅಂಕ 0.685.

ಇದಾದ ಮೇಲೆ ಏನಾಗುತ್ತೆ ಅಂತ ವಾಟ್ಸ್ಆ್ಯಪ್ ಇರುವ ಎಲ್ಲರಿಗೂ ಗೊತ್ತು. ಒಬ್ಬರು ‘133ರಿಂದ 130ಕ್ಕೆ ಏರಿದೀವಿ’ ಅಂತ ಧ್ವಜ ಹಾಕ್ತಾರೆ. ಇನ್ನೊಬ್ಬರು ‘ಶ್ರೀಲಂಕಾ ನಮಗಿಂತ ಮೇಲಿದೆ, ಅದನ್ನೂ ಹೇಳಿ’ ಅಂತಾರೆ. ಮೂರನೆಯವರು ಇದೆಲ್ಲ ವಿದೇಶಿಯರ ಪಿತೂರಿ ಅಂತ ಫಾರ್ವರ್ಡ್ ಕಳಿಸ್ತಾರೆ. ಸಂಜೆಗೆ ಕ್ರಿಕೆಟ್ ಶುರುವಾದರೆ ಜಗಳ ಅಲ್ಲಿಗೆ ಮುಗೀತು.

ಈ ಜಗಳದಲ್ಲಿ ಯಾರೂ ಗಮನಿಸದ ಒಂದು ವಿಷಯ ಇತ್ತು. ಆ 130ನೇ ಸ್ಥಾನದಲ್ಲಿ ನಾವು ಒಬ್ಬರೇ ಇರಲಿಲ್ಲ. ಬಾಂಗ್ಲಾದೇಶವೂ ಇತ್ತು. ಅದೇ ಸ್ಥಾನ, ಅದೇ 0.685. ನಾನು ಹೊಟ್ಟೆಪಾಡಿಗೆ ಕಂಪನಿಯೊಂದರಲ್ಲಿ ಡ್ಯಾಶ್‌ಬೋರ್ಡ್ ಮಾಡುವವಳು. ಎರಡು ಸಾಲುಗಳು ಮೂರನೇ ದಶಮಾಂಶದವರೆಗೂ ಒಂದೇ ಇದ್ದರೆ ನಮ್ಮಂಥವರಿಗೆ ಮೊದಲು ಬರೋದು ಅನುಮಾನ. ಹಾಗಾಗಿ ಈ ಸೂಚ್ಯಂಕವನ್ನ ಬಿಚ್ಚಿ ನೋಡೋಣ ಅಂತ ಕೂತೆ.

ಲೆಕ್ಕ ಏನೂ ಕಷ್ಟದ್ದಲ್ಲ. ಫೋನಿನಲ್ಲಿರುವ ಕ್ಯಾಲ್ಕ್ಯುಲೇಟರ್ ಸಾಕು. ಬೇಕಾದ್ದು ಮೂರು: ಆಯಸ್ಸು, ಓದು, ಆದಾಯ. ಪ್ರತಿಯೊಂದಕ್ಕೂ ಒಂದು ಕೆಳಗಿನ ಗೆರೆ, ಒಂದು ಮೇಲಿನ ಗೆರೆ. ಆಯಸ್ಸಿಗೆ 20 ವರ್ಷ ಕೆಳಗಿನದು, 85 ಮೇಲಿನದು. ಭಾರತದ ಸರಾಸರಿ ಆಯಸ್ಸು 72. ಇಪ್ಪತ್ತು ಕಳೆದರೆ 52, ಅದನ್ನ 65ರಿಂದ ಭಾಗಿಸಿದರೆ 0.8. ಓದಿಗೆ ಎರಡು ಅಂಕಿ. ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದಬಹುದು ಅನ್ನೋದು ಒಂದು: ನಮ್ಮಲ್ಲಿ 13, ಗರಿಷ್ಠ 18. ಇಪ್ಪತ್ತೈದು ದಾಟಿದವರು ಸರಾಸರಿ ಎಷ್ಟು ವರ್ಷ ಓದಿದ್ದಾರೆ ಅನ್ನೋದು ಇನ್ನೊಂದು: ನಮ್ಮಲ್ಲಿ 6.9, ಗರಿಷ್ಠ 15. ಎರಡನ್ನೂ ಭಾಗಿಸಿ ಸರಾಸರಿ ತೆಗೆದರೆ ಸುಮಾರು 0.59. ಇಪ್ಪತ್ತೈದು ದಾಟಿದವರು ಅಂದ್ರೆ ಎಲ್ಲರೂ ಸೇರಿದರು, ನಮ್ಮ ಅಜ್ಜಿಯೂ. ಅವಳು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಈ ವರ್ಷದ ಭಾರತದ ಅಂಕದಲ್ಲಿ ಇನ್ನೂ ಇದೆ.

ಆದಾಯ ಸ್ವಲ್ಪ ಬೇರೆ. ಕೆಳಗೆ 100 ಡಾಲರ್, ಮೇಲೆ 75,000. ಇಲ್ಲಿ ನೇರವಾಗಿ ಭಾಗಿಸಲ್ಲ, ಲಾಗರಿದಮ್ ಹಾಕ್ತಾರೆ. ಕಾರಣ ಸರಳ. ತಿಂಗಳಿಗೆ ಹತ್ತು ಸಾವಿರ ದುಡಿಯುವವನಿಗೆ ಇನ್ನೊಂದು ಸಾವಿರ ಸಿಕ್ಕರೆ ಆಗುವ ವ್ಯತ್ಯಾಸ, ಎರಡು ಲಕ್ಷ ದುಡಿಯುವವನಿಗೆ ಆಗಲ್ಲ. ಭಾರತದ ತಲಾ ಆದಾಯ ಇಲ್ಲಿ 9,047 ಡಾಲರ್. ಲಾಗ್ ಹಾಕಿದರೆ 0.68. ಮೂರನ್ನೂ ಗುಣಿಸಿ, ಘನಮೂಲ ತೆಗೀರಿ. 0.685 ಬಂತಾ? ಇಷ್ಟೇ. ಇಡೀ ದೇಶ.

9,047 ಡಾಲರ್ ನೋಡಿ ಕೆಲವರು ಹುಬ್ಬೇರಿಸಿರಬಹುದು. ಬ್ಯಾಂಕಿನ ವಿನಿಮಯ ದರದಲ್ಲಿ ನಮ್ಮ ತಲಾ ಆದಾಯ ಸುಮಾರು 2,500 ಡಾಲರ್ ಮಾತ್ರ. ಉಳಿದದ್ದು ಬಂದದ್ದು ಕೊಳ್ಳುವ ಶಕ್ತಿಯ ಲೆಕ್ಕದಿಂದ. ಒಂದು ಡಾಲರಿಗೆ ಅಮೆರಿಕದಲ್ಲಿ ಒಂದು ಕಾಫಿಯೂ ಸಿಗಲ್ಲ, ನಮ್ಮ ದರ್ಶಿನಿಯಲ್ಲಿ ಇಡ್ಲಿ-ವಡೆ ತಿಂದು ಕಾಫಿಯನ್ನೂ ಕುಡಿಯಬಹುದು. ಈ ವ್ಯತ್ಯಾಸ ಸರಿ ಮಾಡೋಕೆ ದೇಶ ದೇಶಗಳ ಬೆಲೆಗಳನ್ನ ಸಮೀಕ್ಷೆ ಮಾಡಿ ಹೋಲಿಸ್ತಾರೆ. ನ್ಯಾಯವಾದ ಕೆಲಸವೇ. ಆದರೆ ಯಾವುದನ್ನ ಯಾವುದಕ್ಕೆ ಹೋಲಿಸೋದು? ನಮ್ಮ ರಾಗಿ ಹಿಟ್ಟಿಗೆ ನಾರ್ವೆಯ ಅಂಗಡಿಯಲ್ಲಿ ಜೋಡಿ ಯಾವುದು? ಇಂಥ ತೀರ್ಮಾನಗಳು ಎಷ್ಟು ದೊಡ್ಡ ಪರಿಣಾಮ ಮಾಡುತ್ತವೆ ಅನ್ನೋದು 2007ರ ಡಿಸೆಂಬರಿನಲ್ಲಿ ಕಂಡಿತು. ಹೊಸ ಬೆಲೆ ಸಮೀಕ್ಷೆಯ ಫಲಿತಾಂಶ ಬಂದಾಗ ಚೀನಾ ಮತ್ತು ಭಾರತದ ಆರ್ಥಿಕತೆಗಳು ಹಿಂದಿನ ಅಂದಾಜಿಗಿಂತ ಸುಮಾರು ಶೇ 40ರಷ್ಟು ಚಿಕ್ಕದಾಗಿದ್ದವು. ಯಾರ ತಟ್ಟೆಯಲ್ಲೂ ಒಂದು ತುತ್ತು ಕಡಿಮೆಯಾಗಿರಲಿಲ್ಲ. ಉಲ್ಟಾ ಕಥೆಯೂ ಇದೆ: 2010ರ ನವೆಂಬರಿನಲ್ಲಿ ಘಾನಾ ತನ್ನ ಜಿಡಿಪಿ ಲೆಕ್ಕದ ಮೂಲ ವರ್ಷವನ್ನ 1993ರಿಂದ 2006ಕ್ಕೆ ತಂದಿತು. ದೇಶದ ಆರ್ಥಿಕತೆ ಒಂದೇ ದಿನದಲ್ಲಿ ಸುಮಾರು ಶೇ 60ರಷ್ಟು ಉಬ್ಬಿ, ಬಡ ದೇಶಗಳ ಪಟ್ಟಿಯಿಂದ ಕೆಳ ಮಧ್ಯಮ ಆದಾಯದ ಪಟ್ಟಿಗೆ ಹೋಯಿತು. ಅಕ್ರಾದ ಸಂತೆಯಲ್ಲಿ ಟೊಮೇಟೊ ಮಾರುವ ಹೆಂಗಸಿಗೆ ಇದನ್ನ ಯಾರಾದರೂ ಹೇಳಿದರೋ ಇಲ್ಲವೋ.

ಅಂಕಿ ಅಲುಗಾಡುತ್ತೆ ಅನ್ನೋದು ನನ್ನ ತಕರಾರಲ್ಲ. ಅಂಕಿಗಳು ಅಲುಗಾಡ್ತವೆ, ಅದನ್ನ ನೋಡಿಕೊಳ್ಳೋಕೇ ನಮಗೆ ಸಂಬಳ. ನನ್ನ ತಕರಾರು ಗುಣಾಕಾರದ ಬಗ್ಗೆ.

ಮೂರು ಬೇರೆ ಬೇರೆ ವಸ್ತುಗಳನ್ನ ಗುಣಿಸಿ ಒಂದು ಅಂಕಿ ಮಾಡಿದ ಕೂಡಲೇ ಒಂದನ್ನ ಇನ್ನೊಂದಕ್ಕೆ ಅದಲುಬದಲು ಮಾಡುವ ದರವೂ ಅದರೊಳಗೆ ಸೇರಿಬಿಡುತ್ತೆ. ಯಾರೂ ಅದನ್ನ ಬರೆದಿಟ್ಟಿರಲ್ಲ, ಆದರೆ ಅದು ಇರುತ್ತೆ. ಭಾರತದ ಅಂಕಿಗಳನ್ನೇ ತಗೊಳ್ಳಿ. ಸರಾಸರಿ ಆಯಸ್ಸು ಒಂದು ವರ್ಷ ಹೆಚ್ಚಾದರೆ ಸೂಚ್ಯಂಕ ಎಷ್ಟು ಏರುತ್ತೋ, ತಲಾ ಆದಾಯ ಸುಮಾರು 820 ಡಾಲರ್ ಹೆಚ್ಚಾದರೂ ಅಷ್ಟೇ ಏರುತ್ತೆ. ಅಂದ್ರೆ ಈ ಸೂತ್ರದ ಪ್ರಕಾರ ನಮ್ಮ ಒಂದು ವರ್ಷದ ಬದುಕಿನ ದರ 820 ಡಾಲರ್. ಇದನ್ನ ನಾನು ಕಂಡುಹಿಡಿದದ್ದಲ್ಲ. ವಿಶ್ವಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್, 2010ರಲ್ಲಿ ಸೂಚ್ಯಂಕದ ಸೂತ್ರ ಬದಲಾದ ಕೂಡಲೇ ಇದೇ ರೀತಿ ಲೆಕ್ಕ ಹಾಕಿ ತೋರಿಸಿದರು. ಅದುವರೆಗೆ ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸ್ತಿದ್ದರು. ಒಂದರಲ್ಲಿ ಸೋತದ್ದನ್ನ ಇನ್ನೊಂದರಲ್ಲಿ ಗೆದ್ದು ಸುಲಭವಾಗಿ ಮುಚ್ಚಿಹಾಕಬಾರದು ಅಂತ ಕೂಡಿಸೋದು ಬಿಟ್ಟು ಗುಣಿಸೋಕೆ ಶುರು ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಏನಾಯಿತು ನೋಡಿ.

ಆ ವರ್ಷದ ಪಟ್ಟಿಯಲ್ಲಿ ಕೊನೆಯ ದೇಶ ಜಿಂಬಾಬ್ವೆ. ತಲಾ ಆದಾಯ 176 ಡಾಲರ್. ಆಗ ಆದಾಯದ ಕೆಳಗಿನ ಗೆರೆ 163, ಅದೂ ಜಿಂಬಾಬ್ವೆಯದೇ 2008ರ ಅಂಕಿ. ಹಾಗಾಗಿ ಅದರ ಆದಾಯದ ಭಾಗ ಹೆಚ್ಚುಕಮ್ಮಿ ಸೊನ್ನೆ. ಗುಣಾಕಾರದಲ್ಲಿ ಒಂದು ಸಂಖ್ಯೆ ಸೊನ್ನೆಯ ಹತ್ತಿರ ಇದ್ದರೆ ಅದನ್ನ ಚೂರು ಎತ್ತಿದರೂ ಉತ್ತರ ಜಿಗಿಯುತ್ತೆ. ಹೀಗಾಗಿ ಅಲ್ಲಿ ಒಂದು ಇಡೀ ವರ್ಷದ ಆಯಸ್ಸು ಕಳೆದುಹೋದರೂ ತಲಾ ಆದಾಯ ಅರ್ಧ ಡಾಲರ್ ಹೆಚ್ಚಾದರೆ ಸೂಚ್ಯಂಕದ ಮಟ್ಟಿಗೆ ಚುಕ್ತಾ. ಅದೇ ವರ್ಷದ ನಾರ್ವೆಯ ಅಂಕಿಗಳನ್ನ ಅದೇ ಸೂತ್ರಕ್ಕೆ ಹಾಕಿದರೆ ಒಂದು ವರ್ಷದ ಬೆಲೆ ಐದೂವರೆ ಸಾವಿರ ಡಾಲರಿಗೂ ಹೆಚ್ಚು. ಜಿಂಬಾಬ್ವೆಯ ಸರಾಸರಿ ಆಯಸ್ಸು ಆಗ 47 ಇತ್ತು. ಏಡ್ಸ್ ಒಂದು ತಲೆಮಾರನ್ನೇ ತಿಂದು ಹಾಕಿತ್ತು. ಆ ದೇಶದಲ್ಲಿ ಒಂದು ವರ್ಷ ಬದುಕೋದಕ್ಕೆ ಅರ್ಧ ಡಾಲರ್.

ವರದಿಯ ತಂಡದವರು ಇದಕ್ಕೆ ಉತ್ತರ ಕೊಟ್ಟರು. ಸೂಚ್ಯಂಕವನ್ನ ಬದುಕಿನ ದರಪಟ್ಟಿ ಅಂತ ಓದಬಾರದು, ಅದು ಬೇರೆ ಬೇರೆ ಸಾಮರ್ಥ್ಯಗಳನ್ನ ಒಟ್ಟಿಗೆ ತೋರಿಸುವ ಒಂದು ಅಳತೆ ಅಷ್ಟೇ, ಅನ್ನುವುದು ಆ ವಾದದ ಸಾರ. ನನಗೆ ಇದು ಪೂರ್ತಿ ಒಪ್ಪಿಗೆಯಾಗಲ್ಲ. ದೇಶಗಳನ್ನ ಸಾಲಾಗಿ ನಿಲ್ಲಿಸದೇ ಇದ್ದರೆ ಆ ಮಾತು ಸರಿ. ಸಾಲಾಗಿ ನಿಲ್ಲಿಸಿ, ನಂಬರ್ ಕೊಟ್ಟು, 0.550, 0.700, 0.800ರಲ್ಲಿ ಗೆರೆ ಹಾಕಿ ನಕ್ಷೆಗೆ ನಾಲ್ಕು ಬಣ್ಣ ಬಳಿದ ಮೇಲೆ ‘ದರ ಅಂತ ಓದಬೇಡಿ’ ಅಂದ್ರೆ ಹೇಗೆ? ನಮ್ಮ ಆಫೀಸುಗಳಲ್ಲಿ ಅಪ್ರೈಸಲ್ ಸಮಯದಲ್ಲಿ ಮ್ಯಾನೇಜರ್‌ಗಳು ಹೇಳ್ತಾರಲ್ಲ, ‘ರೇಟಿಂಗ್ ನೋಡಬೇಡ, ಫೀಡ್‌ಬ್ಯಾಕ್ ನೋಡು’ ಅಂತ, ಅದೇ ಧಾಟಿ. ಹೈಕ್ ಬರೋದು ರೇಟಿಂಗ್ ಮೇಲೆ ಅಂತ ಇಬ್ಬರಿಗೂ ಗೊತ್ತಿರುತ್ತೆ.

ಈ ಅಳತೆಯನ್ನ ಹುಟ್ಟುಹಾಕಿದವರಿಗೂ ಇದರ ಒರಟುತನ ಗೊತ್ತಿತ್ತು. ಮಹಬೂಬ್ ಉಲ್ ಹಕ್ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ. ಅರವತ್ತರ ದಶಕದಲ್ಲಿ ಆ ದೇಶದ ಬೆಳವಣಿಗೆಯ ಅಂಕಿಗಳನ್ನ ಹೊರಗಿನವರೆಲ್ಲ ಹೊಗಳುತ್ತಿದ್ದಾಗ, ಯೋಜನಾ ಆಯೋಗದಲ್ಲೇ ಇದ್ದ ಅವರು 1968ರಲ್ಲಿ ಎದ್ದು ನಿಂತು ದೇಶದ ಕೈಗಾರಿಕೆಯ ಮೂರನೇ ಎರಡು ಭಾಗ 22 ಕುಟುಂಬಗಳ ಕೈಯಲ್ಲಿದೆ ಅಂದರು. ಜಿಎನ್‌ಪಿ ಏರುತ್ತಿತ್ತು, ಅದು ಎಲ್ಲಿ ಏರುತ್ತಿದೆ ಅನ್ನೋದು ಅದರಲ್ಲಿ ಕಾಣ್ತಿರಲಿಲ್ಲ. ಆ ಸಿಟ್ಟೇ 1990ರ ಮೊದಲ ಮಾನವ ಅಭಿವೃದ್ಧಿ ವರದಿಯಾಯಿತು. ಕೇಂಬ್ರಿಡ್ಜ್‌ನಲ್ಲಿ ಜೊತೆಗೆ ಓದಿದ್ದ ಅಮರ್ತ್ಯ ಸೇನ್ ಅವರನ್ನ ಹಕ್ ಈ ಕೆಲಸಕ್ಕೆ ಎಳೆದರು. ಬದುಕನ್ನ ಒಂದೇ ಅಂಕಿಗೆ ಇಳಿಸೋದು ಸೇನ್‌ಗೆ ಇಷ್ಟವಿರಲಿಲ್ಲ. ಹಕ್ ಅವರ ಪಟ್ಟು ಏನೆಂದರೆ, ಜಿಎನ್‌ಪಿಯನ್ನ ಪೀಠದಿಂದ ಇಳಿಸಬೇಕಾದರೆ ಅದರಷ್ಟೇ ಒರಟಾದ, ಒಂದೇ ಅಂಕಿಯ ಇನ್ನೊಂದು ಅಳತೆ ಬೇಕು, ಆದರೆ ಅದು ಜಿಎನ್‌ಪಿಯಷ್ಟು ಕುರುಡಾಗಿರಬಾರದು. ಇದನ್ನ ಮುಂದೆ ಸೇನ್ ಅವರೇ ಹೇಳಿಕೊಂಡಿದ್ದಾರೆ.

ಹಕ್ ಗೆದ್ದರು ಅಂತಲೇ ಹೇಳಬೇಕು. ಪಟ್ಟಿಯಲ್ಲಿ ಇವತ್ತಿಗೂ ಒಂದು ಕಾಲಂ ಇದೆ, ಆದಾಯದ ರ್‍ಯಾಂಕಿನಿಂದ ಮಾನವ ಅಭಿವೃದ್ಧಿಯ ರ್‍ಯಾಂಕ್ ಕಳೆದದ್ದು. ನನ್ನ ಕೇಳಿದರೆ ಇಡೀ ಪಟ್ಟಿಯಲ್ಲಿ ಅತ್ಯಂತ ರುಚಿಯಾದ ಕಾಲಂ ಅದೇ. ಈಕ್ವಟೋರಿಯಲ್ ಗಿನಿಯಲ್ಲಿ ತೊಂಬತ್ತರ ದಶಕದಲ್ಲಿ ತೈಲ ಸಿಕ್ಕಿತು, ತಲಾ ಆದಾಯ ಆಕಾಶಕ್ಕೇರಿತು, 1979ರಿಂದ ಅಧ್ಯಕ್ಷ ಮಾತ್ರ ಒಬ್ಬನೇ. ಆ ದೇಶದ ಹಣ ಜನರ ಆಯಸ್ಸು, ಓದು ಆಗಲಿಲ್ಲ ಅನ್ನೋದನ್ನ ಈ ಕಾಲಂ ಒಂದೇ ಅಂಕಿಯಲ್ಲಿ ಹೇಳಿಬಿಡುತ್ತೆ. ಶ್ರೀಲಂಕಾ ಅದರ ಉಲ್ಟಾ. ಜಿಡಿಪಿ ಒಂದನ್ನೇ ನೋಡಿದ್ದರೆ ಇದು ಕಾಣ್ತಿರಲಿಲ್ಲ.

ಈಗ ಬಾಂಗ್ಲಾದೇಶಕ್ಕೆ ಬರೋಣ. ಅವರ ಸಾಲನ್ನ ಬಿಚ್ಚಿದರೆ ಹೀಗಿದೆ: ಆಯಸ್ಸು 74.7 ವರ್ಷ. ಓದು 12.3 ಮತ್ತು 6.8. ಆದಾಯ 8,498 ಡಾಲರ್. ನಮ್ಮದು 72, 13, 6.9, 9,047. ಅವರು ನಮಗಿಂತ ಬಡವರು, ಒಂದು ಚೂರು ಕಡಿಮೆ ಓದಿದವರು, ಮತ್ತು ಸರಾಸರಿ ಎರಡು ವರ್ಷ ಎಂಟು ತಿಂಗಳು ಹೆಚ್ಚು ಬದುಕುವವರು. ಗುಣಿಸಿ ಘನಮೂಲ ತೆಗೆದರೆ ಇಬ್ಬರೂ 0.685. ಪಟ್ಟಿ ಇಬ್ಬರನ್ನೂ ಸಮ ಅಂತ ಹೇಳ್ತಿದೆ. ಸಮಾನಾ? ಎರಡು ವರ್ಷ ಎಂಟು ತಿಂಗಳು ಅಂದ್ರೆ ಮೊಮ್ಮಗುವನ್ನ ನೋಡಿ ಹೋಗೋದಕ್ಕೂ ನೋಡದೆ ಹೋಗೋದಕ್ಕೂ ಇರುವ ವ್ಯತ್ಯಾಸ. ಸರಾಸರಿ ಆಯಸ್ಸಿನ ಲೆಕ್ಕದಲ್ಲಿ ಅದು ಇನ್ನೂ ಕ್ರೂರ. ಅಲ್ಲಿ ಹೆಚ್ಚು ತೂಗೋದು ಮುದುಕರ ಸಾವಲ್ಲ, ಐದು ವರ್ಷದೊಳಗಿನ ಮಕ್ಕಳ ಸಾವು.

ಆ ಎರಡು ವರ್ಷ ಎಂಟು ತಿಂಗಳ ಹಿಂದೆ ಏನಿದೆ ಅಂತ ಹುಡುಕಿದಾಗ ಸಿಗುವ ಕಥೆಗಳಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ವಾಂತಿ-ಭೇದಿಗೆ ಉಪ್ಪು-ಸಕ್ಕರೆ ನೀರು ಕುಡಿಸಿ ಜೀವ ಉಳಿಸಬಹುದು ಅಂತ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯ 1968ರಲ್ಲಿ ರೋಗಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿತು. ಇವತ್ತು ನಾವು ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವ ಓಆರ್‌ಎಸ್ ಅದೇ. 1980ರಿಂದ ಹತ್ತು ವರ್ಷ ಬ್ರಾಕ್ ಅನ್ನುವ ಸಂಸ್ಥೆ ಹೆಣ್ಣುಮಕ್ಕಳನ್ನ ಹಳ್ಳಿಹಳ್ಳಿಗೆ ಕಳಿಸಿತು. ಅವರು ಮನೆಮನೆಗೆ ಹೋಗಿ ತಾಯಂದಿರ ಜೊತೆ ಕೂತು ಕಲಿಸಿದರು: ಅರ್ಧ ಸೇರು ನೀರು, ಒಂದು ಹಿಡಿ ಬೆಲ್ಲ, ಮೂರು ಬೆರಳಲ್ಲಿ ಒಂದು ಚಿಟಿಕೆ ಉಪ್ಪು. ಒಂದು ಕೋಟಿಗೂ ಹೆಚ್ಚು ಮನೆ. ಸ್ವಲ್ಪ ದಿನ ಬಿಟ್ಟು ಇನ್ನೊಬ್ಬರು ಅದರಲ್ಲಿ ಕೆಲವು ಮನೆಗಳಿಗೆ ಹೋಗಿ ‘ಅಮ್ಮಾ, ಏನು ಕಲಿಸಿದರು? ಮಾಡಿ ತೋರಿಸಿ’ ಅಂತಿದ್ದರು. ತಾಯಿ ಕಲಸಿದ ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿ ಉಪ್ಪು ಸರಿಯಾಗಿದೆಯಾ ಅಂತ ಪರೀಕ್ಷೆಯಾಗ್ತಿತ್ತು. ಕಲಿಸಿದವಳ ಸಂಬಳ ತಾಯಿಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ.

ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಲಸಿಕೆ, ಕುಟುಂಬ ಯೋಜನೆ, ಗಾರ್ಮೆಂಟ್ ಕೆಲಸಕ್ಕೆ ಹೋದ ಹೆಂಗಸರ ಕೈಗೆ ಬಂದ ದುಡ್ಡು, ಎಲ್ಲ ಇದೆ. ಆದರೆ ಅಳತೆಯ ಬಗ್ಗೆ ಬರೀತಿರೋದರಿಂದ ಹೇಳ್ತಿದೀನಿ: ಅದೂ ಅಳತೆಯೇ. ಬಹಳ ಕಟ್ಟುನಿಟ್ಟಿನ, ಸಂಬಳಕ್ಕೆ ಕೈ ಹಾಕುವ ಅಳತೆ. ಅಳೆದದ್ದು ಮಾತ್ರ ಲೋಟದಲ್ಲಿರುವ ಉಪ್ಪನ್ನ. ಎಷ್ಟು ಸಭೆ ಮಾಡಿದಿರಿ, ಎಷ್ಟು ಪಾಂಪ್ಲೆಟ್ ಹಂಚಿದಿರಿ ಅಂತಲ್ಲ. ಮಾನವ ಅಭಿವೃದ್ಧಿ ಸೂಚ್ಯಂಕ ಓದಿನ ವಿಷಯದಲ್ಲಿ ಮಾಡೋದು ಇದರ ಉಲ್ಟಾ. ಶಾಲೆಯಲ್ಲಿ ಕೂತ ವರ್ಷಗಳನ್ನ ಎಣಿಸುತ್ತೆ. ನಮ್ಮ ಗ್ರಾಮೀಣ ಶಾಲೆಗಳ 2022ರ ಅಸೆರ್ ಸಮೀಕ್ಷೆಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಐದನೇ ತರಗತಿಯ ಮಕ್ಕಳು ಶೇ 43ರಷ್ಟು ಮಾತ್ರ. ಸೂಚ್ಯಂಕದಲ್ಲಿ ಓದಲು ಬಾರದ ಮಗುವಿಗೂ ಪೂರ್ತಿ ಐದು ವರ್ಷ ಸಿಗುತ್ತೆ.

ಭೂಗೋಳ ಓದುವವರಿಗೆ ಇನ್ನೊಂದು ಹಳೆಯ ತಲೆನೋವಿದೆ, ಗಡಿ. ಈ ಪಟ್ಟಿಯಲ್ಲಿ ಮೊದಲ ಸ್ಥಾನ ಐಸ್‌ಲ್ಯಾಂಡಿಗೆ. ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷದೊಳಗೆ. ನಮ್ಮ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಒಂದರಲ್ಲೇ ಅದಕ್ಕಿಂತ ಹೆಚ್ಚು ಮತದಾರರಿದ್ದಾರೆ. ಅವರಿಗೂ ಒಂದು ಸಾಲು, 140 ಕೋಟಿ ಜನರ ನಮಗೂ ಒಂದು ಸಾಲು, ನಕ್ಷೆಯಲ್ಲಿ ಕೇರಳಕ್ಕೂ ಬಿಹಾರಕ್ಕೂ ಒಂದೇ ಬಣ್ಣ. ವರದಿ ಮಾಡುವವರಿಗೆ ಇದೂ ಗೊತ್ತು. ಅಸಮಾನತೆಯನ್ನ ಕಳೆದು ಇನ್ನೊಂದು ಅಂಕಿ ಕೊಡ್ತಾರೆ, ಅದರಲ್ಲಿ ಭಾರತ 0.685ರಿಂದ 0.475ಕ್ಕೆ ಇಳಿಯುತ್ತೆ. ಶೇ 30.7 ಖೋತಾ. ಆ ಅಂಕಿ ಮೂರನೇ ಕೋಷ್ಟಕದಲ್ಲಿದೆ. ಮೂರನೇ ಕೋಷ್ಟಕದವರೆಗೆ ಯಾವ ಟಿವಿ ಆಂಕರ್ ಹೋಗ್ತಾರೆ ಹೇಳಿ.

ಗಡಿಯನ್ನ ಚಿಕ್ಕದು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. 2002ರಲ್ಲಿ ಬಂದ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಇಂಥದ್ದೇ ಒಂದು ಸಂಯುಕ್ತ ಸೂಚ್ಯಂಕ ಕಟ್ಟಿತು, ಆದರೆ ತಾಲ್ಲೂಕು ಮಟ್ಟದಲ್ಲಿ. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಸಾಮಾಜಿಕ ವಿಷಯಗಳು ಎಲ್ಲ ಸೇರಿ 35 ಮಾನದಂಡ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಅದು ಎಲ್ಲರೂ ಊಹಿಸಿದ್ದೇ. ಊಹಿಸದಿದ್ದದ್ದು, ಬೆಂಗಳೂರು ವಿಭಾಗದಲ್ಲೇ 11 ಇದ್ದವು ಅನ್ನೋದು. ರಾಜಧಾನಿಯ ಆದಾಯದ ನೆರಳಲ್ಲಿ ಅವು ಕಾಣ್ತಿರಲಿಲ್ಲ. ‘ಉತ್ತರ, ದಕ್ಷಿಣ’ ಅಂತ ಎರಡು ಬಣ್ಣ ಬಳಿದಿದ್ದ ನಕ್ಷೆಯನ್ನ ಆ ವರದಿ ಹರಿದು ಚೂರು ಮಾಡಿತು. ಮುಂದೆ ದುಡ್ಡು ಹಂಚುವ ವಾದಗಳೆಲ್ಲ ಆ ಪಟ್ಟಿಯ ಮೇಲೇ ನಡೆದವು, ಇವತ್ತಿಗೂ ನಡೀತಿವೆ. 35 ಮಾನದಂಡಕ್ಕೆ ಕೊಟ್ಟ ತೂಕ ಸರಿಯೇ ಅನ್ನುವ ಜಗಳವೂ ಇದೆ. ಇರ್ಲಿ. ಅದು ಆಗಬೇಕಾದ ಜಗಳ. ದೇಶಗಳ ರ್‍ಯಾಂಕಿನ ವಿಷಯದಲ್ಲಿ ನಾವು ಆ ಜಗಳ ಮಾಡೋದೇ ಇಲ್ಲ, ಬಂದ ರ್‍ಯಾಂಕಿಗೆ ಖುಷಿನೋ ಸಿಟ್ಟೋ ಪಡ್ತೀವಿ ಅಷ್ಟೇ.

ಇನ್ನೊಂದು ಲೆಕ್ಕ ಹೇಳಿ ನಿಲ್ಲಿಸ್ತೀನಿ. ಭಾರತ ಈಗ ‘ಮಧ್ಯಮ’ ಬಣ್ಣದಲ್ಲಿದೆ. 0.700 ಮುಟ್ಟಿದರೆ ‘ಉನ್ನತ’ ಬಣ್ಣ. ಇನ್ನು ಕೆಲವೇ ವರ್ಷಗಳಲ್ಲಿ ಮುಟ್ಟಬಹುದು, ಅವತ್ತು ಮುಖಪುಟದ ಸುದ್ದಿಯೂ ಆಗುತ್ತೆ. ಉಳಿದದ್ದೆಲ್ಲ ಹಾಗೇ ಇದ್ದು ತಲಾ ಆದಾಯ ಒಂದೇ ಏರಿದರೆ ಅದು 12,200 ಡಾಲರ್ ಆಸುಪಾಸಿಗೆ ಹೋಗಬೇಕು, ಅಂದ್ರೆ ಈಗಿನದಕ್ಕಿಂತ ಶೇ 35ರಷ್ಟು ಹೆಚ್ಚು. ಆಯಸ್ಸು ಒಂದೇ ಏರಿದರೆ 75 ವರ್ಷ ಐದು ತಿಂಗಳು. ದೊಡ್ಡವರ ಸರಾಸರಿ ಓದು ಒಂದೇ ಏರಿದರೆ 6.9ರಿಂದ 8.1 ವರ್ಷ. ಮೂರರಲ್ಲಿ ಯಾವ ದಾರಿ ಹಿಡಿದರೂ ಸೂತ್ರಕ್ಕೆ ಒಂದೇ, ನಕ್ಷೆಯ ಬಣ್ಣವೂ ಒಂದೇ. ನಾವು ಯಾವ ದಾರಿಯಲ್ಲಿ ಬಂದೆವು ಅಂತ ತಿಳೀಬೇಕಾದರೆ ರ್‍ಯಾಂಕ್ ಇರುವ ಮೊದಲ ಕಾಲಂ ಬಿಟ್ಟು ಪಕ್ಕದ ನಾಲ್ಕು ಕಾಲಂ ನೋಡಬೇಕು. ಫೋನಿನಲ್ಲಿ ತೆಗೆದ ಸ್ಕ್ರೀನ್‌ಶಾಟ್‌ನಲ್ಲಿ ಅವು ಸಾಮಾನ್ಯವಾಗಿ ಕತ್ತರಿಸಿ ಹೋಗಿರ್ತವೆ.